ಒಂದು ಗಜ ಬಾಕಿ ಇದ್ದಾಗ ಕೈ ಕೊಡೋ ಗೇಮು

ತಿಂಗಳಿಂದ ಈ ಅಮೆರಿಕನ್ ಫುಟ್‌ಬಾಲ್ ಮೊಬೈಲ್ ಗೇಮ್ ಆಡ್ತಿದೀನಿ, ಹೆಸರು ಬೇಡ ಬಿಡಿ. ಗ್ರಾಫಿಕ್ಸ್ ಓಕೆ. ನಿಜವಾದ ಮಜಾ ಗೋಲ್ ಲೈನ್ ಹತ್ರ, ಅದರಾಚೆ ಬಾಲ್ ತಲುಪಿಸಿದ್ರೆ ಪಾಯಿಂಟ್ ಸಿಗೋ ಎಂಡ್ ಝೋನ್ ಬರೀ 10 ಗಜ ಉದ್ದ ಆಗಿರೋದ್ರಿಂದ ಸೇಫ್ಟಿಗಳು (ಹಿಂದೆ ನಿಂತು ಕಾಯೋ ಡಿಫೆಂಡರ್‌ಗಳು) ಹಿಂದೆ ನಿಲ್ಲೋ ಅವಶ್ಯಕತೆನೇ ಇರಲ್ಲ, ಎಲ್ರೂ ಮುಂದೆ ಬಂದು ಗೋಡೆ ಥರ ನಿಂತ್ಕೋತಾರೆ, ರನ್ ಮಾಡಿದ್ರೆ, ಅಂದ್ರೆ ಬಾಲ್ ಹಿಡ್ಕೊಂಡು ಓಡಿದ್ರೆ, ಗೋಡೆಗೆ ತಲೆ ಚಚ್ಚಿಕೊಂಡಂಗೆ, ಪಾಸ್ ಹಾಕಿದ್ರೆ, ಅಂದ್ರೆ ಬಾಲ್ ಎಸೆದ್ರೆ, ಜಾಗ ಇಲ್ಲ. ಈ ಇಕ್ಕಟ್ಟನ್ನ ಸೂಪರಾಗಿ ತೋರ್ಸಿದಾರೆ.

ಆದ್ರೆ ಗಡಿಯಾರದ ವಿಷಯದಲ್ಲಿ ಎಡವಟ್ಟು! ಪಾಸ್ ನೆಲಕ್ಕೆ ಬಿದ್ರೆ ಟೈಮ್ ನಿಲ್ಬೇಕು ತಾನೆ, ಇಲ್ಲಿ ಓಡ್ತಾನೇ ಇರುತ್ತೆ. ನಿನ್ನೆ 20 ಸೆಕೆಂಡ್ ಇತ್ತು, ಪಾಸ್ ಮಿಸ್ ಆಯ್ತು, ಇನ್ನೊಂದು ಪ್ಲೇ ಆರಿಸೋಷ್ಟರಲ್ಲಿ ಮ್ಯಾಚೇ ಮುಗೀತು.

2015ರ ಸೂಪರ್ ಬೌಲ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್ ಲೀಗ್ ಫೈನಲ್ಲು) ಸಿಯಾಟಲ್ ಟೀಮು ಒಂದು ಗಜದಿಂದ ತನ್ನ ರನ್ನರ್ ಮಾರ್ಶಾನ್ ಲಿಂಚ್‌ಗೆ ಬಾಲ್ ಕೊಡದೆ ಪಾಸ್ ಹಾಕಿ, ಎದುರಾಳಿ ಮಾಲ್ಕಮ್ ಬಟ್ಲರ್ ಕೈಗೆ ಸಿಕ್ಕಿ 28-24ಕ್ಕೆ ಸೋತ್ರಲ್ಲ, ಎಲ್ರೂ ಬೈದ್ರು, ನಾನೂ ಬೈದಿದ್ದೆ. ಆದ್ರೆ ಗಡಿಯಾರ ನಿಲ್ಲಿಸೋಕೆ ಸಿಯಾಟಲ್ ಕೈಲಿದ್ದಿದ್ದು ಒಂದೇ ಟೈಮ್‌ಔಟ್, ಪಾಸ್ ಮಿಸ್ ಆದ್ರೂ ಗಡಿಯಾರ ನಿಲ್ಲುತ್ತೆ, ಆಮೇಲೆ ಎರಡು ರನ್‌ಗೆ ಟೈಮ್ ಇರುತ್ತೆ ಅನ್ನೋ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಲೆಕ್ಕನೇ ಈ ಗೇಮಲ್ಲಿ ಇಲ್ಲ.

ಪ್ಲೇ ಆಕ್ಷನ್ ಅಂತೂ ವೇಸ್ಟ್, ರನ್ ಅಂತ ನಾಟಕ ಆಡಿದ್ರೆ ಡಿಫೆನ್ಸ್‌ನ ಒಬ್ಬ ಲೈನ್‌ಬ್ಯಾಕರೂ ಮೋಸ ಹೋಗಲ್ಲ. ಕ್ವಾರ್ಟರ್‌ಬ್ಯಾಕ್ ಸ್ನೀಕ್ (ಪಾಸ್ ಹಾಕೋ ಆಟಗಾರ ತಾನೇ ಬಾಲ್ ಹಿಡ್ಕೊಂಡು ಮುಂದೆ ನುಗ್ಗೋದು) ಮಾತ್ರ ಹತ್ತಕ್ಕೆ ಒಂಬತ್ತು ಸಲ ವರ್ಕ್ ಆಗುತ್ತೆ, ಅದೂ ಬೋರೇ.

5ಕ್ಕೆ 2 ಸ್ಟಾರ್, ಗಡಿಯಾರ ಸರಿ ಮಾಡಿದ್ರೆ ಇನ್ನೊಂದು ಕೊಡ್ತೀನಿ.