ಮಿಜ್ ಮೆಂಟರ್ ಮಾತು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಷ್ಟು ನಡೆಯುತ್ತೆ?

ಪಿಎಚ್.ಡಿ.ಗೆ ನೋಂದಣಿ ಮಾಡಿಸಿರುವ, ಇಲ್ಲವೇ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಿರುವ ಹೆಣ್ಣುಮಕ್ಕಳು ಎಮಿಲಿ ಟಾತ್ 'ಮಿಜ್ ಮೆಂಟರ್' ಎಂಬ ಹೆಸರಿನಲ್ಲಿ ಬರೆದ ಸಲಹೆಯ ಪುಸ್ತಕ ಕೊಳ್ಳಬಹುದೇ? ಕೊಳ್ಳಬಹುದು, ಒಂದಷ್ಟು ಪುಟ ಹಾರಿಸುವುದಾದರೆ.

ಟಾತ್ ಅಮೆರಿಕದ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್, ಮಹಿಳಾ ಅಧ್ಯಯನ ಕಲಿಸಿದವರು. 1976ರಲ್ಲಿ ಇನ್ನಿಬ್ಬರ ಜೊತೆ ಸೇರಿ ಮುಟ್ಟಿನ ಸಾಂಸ್ಕೃತಿಕ ಚರಿತ್ರೆ ಬರೆದರು, 1990ರಲ್ಲಿ ಲೇಖಕಿ ಕೇಟ್ ಶೋಪಾನ್ ಜೀವನಚರಿತ್ರೆ. ಶೋಪಾನ್‌ರ 1899ರ ಕಾದಂಬರಿಯನ್ನು ಅವರ ಊರಿನ ಗ್ರಂಥಾಲಯ ನಿಷೇಧಿಸಿತ್ತೆಂದು ಎಲ್ಲರೂ ನಂಬಿದ್ದರು. ಟಾತ್ ದಾಖಲೆ ಹುಡುಕಿದರು, ಸಿಗಲಿಲ್ಲ. 'ಕಾಗದ ಎಲ್ಲಿ?' ಎನ್ನುವ ಈ ಬುದ್ಧಿಯೇ ಅವರ ಮಿಜ್ ಮೆಂಟರ್ ಅಂಕಣದ ಬೆನ್ನೆಲುಬು. ದಂತಗೋಪುರದಲ್ಲಿ ಕೂತ ಸರ್ವಜ್ಞೆಯ ಗತ್ತಿನಲ್ಲಿ ಓದುಗರ ಪತ್ರಗಳಿಗೆ ಉತ್ತರ ಕೊಡುತ್ತಾರೆ. ಮಜವಾಗಿದೆ, ಆದರೆ ಒಟ್ಟಿಗೆ ಓದಿದರೆ ತಲೆಚಿಟ್ಟು ಹಿಡಿಯುತ್ತದೆ. ದಿನಕ್ಕೆ ಒಂದೆರಡು ಪತ್ರ ಸಾಕು.

ಎಲ್ಲವನ್ನೂ ತಾರೀಖು ಹಾಕಿ ಬರೆದಿಡಬೇಕೆಂಬ ಪಾಠ ನಮಗೆ ನೇರ ಬಳಕೆಗೆ ಬರುತ್ತದೆ. ಗೈಡ್ ಭೇಟಿಯಾದ ದಿನ, ಕೊಟ್ಟ ಅಧ್ಯಾಯ, ಅವರು ಹೇಳಿದ ತಿದ್ದುಪಡಿ, ವಾಪಸ್ ಕೊಡುತ್ತೇನೆಂದ ದಿನ ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದೇ ಸಂಜೆ 'ಇವತ್ತು ತಾವು ಹೇಳಿದಂತೆ ಎರಡನೇ ಅಧ್ಯಾಯ ತಿದ್ದುತ್ತಿದ್ದೇನೆ ಸರ್' ಅಂತ ಒಂದು ಇಮೇಲ್ ಹಾಕಿ. ವಾಟ್ಸಾಪ್ ಸಾಲದು, ಫೋನ್ ಬದಲಾದರೆ ಹೋಯಿತು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತಾಗ, ಗೈಡ್ ನಿವೃತ್ತರಾಗಿ ಇನ್ನೊಬ್ಬರ ಕೈಗೆ ಹೋದಾಗ, ಅವಧಿ ವಿಸ್ತರಣೆಗೆ ಅರ್ಜಿ ಹಾಕುವಾಗ ಕೆಲಸ ತಡವಾದದ್ದು ಯಾರಿಂದ ಎಂದು ತೋರಿಸಲು ಇದೊಂದೇ ಆಧಾರ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಗರಿಷ್ಠ 6 ವರ್ಷ, ಮರುನೋಂದಣಿ ಆದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೂ ಎರಡು. ಹೆರಿಗೆ, ಶಿಶುಪಾಲನೆಗೆ ಒಟ್ಟು 240 ದಿನದವರೆಗೆ ರಜೆ. ಇದು ಪುಸ್ತಕದಲ್ಲಿ ಸಿಗದು, ಅದರ ಹಿಂಬದಿಯ ಖಾಲಿ ಹಾಳೆಯಲ್ಲಿ ನೀವೇ ಬರೆದುಕೊಳ್ಳಿ.

ಹಾರಿಸಬೇಕಾದ ಪುಟಗಳು ಟೆನ್ಯೂರ್, ಅಂದರೆ ಅಧ್ಯಾಪಕರ ಕೆಲಸ ಖಾಯಂ ಆಗುವ ಪದ್ಧತಿ ಕುರಿತವು. ಅಮೆರಿಕದಲ್ಲಿ ಸುಮಾರು ಆರು ವರ್ಷ ಅಳೆದು ನೋಡಿ, ಆಮೇಲೆ ಖಾಯಂ ಮಾಡುತ್ತಾರೆ ಅಥವಾ ಮನೆಗೆ ಕಳಿಸುತ್ತಾರೆ. ನಮ್ಮಲ್ಲಿ ನೇಮಕಾತಿಯೇ ಕಂಟಕ. ಒಳಗೆ ಹೋದವರಿಗೆ ಪ್ರೊಬೇಷನ್ ಯುಜಿಸಿ ನಿಯಮದಂತೆ ಕನಿಷ್ಠ ಒಂದು ವರ್ಷ. ಖಾಯಂ ಆಗುವವರೆಗೆ ಜಾಣತನದಿಂದ ಬಾಯಿ ಬಿಗಿಹಿಡಿ ಎಂಬ ಆ ಪುಟಗಳ ಧಾಟಿ ಇಲ್ಲಿ ಅಪಾಯಕಾರಿಯೂ ಹೌದು. ಲೈಂಗಿಕ ಕಿರುಕುಳದ ದೂರನ್ನು ಘಟನೆಯ 3 ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತವಾಗಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು 3 ತಿಂಗಳು ಕೊಡಬಹುದು, ಅಷ್ಟೇ. ಕೆಲಸ ಭದ್ರವಾಗಲಿ ಅಂತ ಕಾದರೆ ಗಡುವು ಮುಗಿದಿರುತ್ತದೆ.

ಜಾತಿಯ ಮಾತೇ ಪುಸ್ತಕದಲ್ಲಿಲ್ಲ. ಯಾರ ಕಡೆಯವರು ಎಂದು ನೋಡಿ ಗೈಡ್ ಹಂಚುವ ಕಡೆ ಏನು ಮಾಡಬೇಕೆಂದು ಮಿಜ್ ಮೆಂಟರ್ ಹೇಳಲಾರರು. ಸಮತಾ ಎಂಬ ಮಹಿಳಾ ಸಂಘಟನೆ ಕಟ್ಟಿದ ಲೇಖಕಿ ವಿಜಯಾ ದಬ್ಬೆ ಪಾಠ ಮಾಡಿದ ಮೈಸೂರಿನಿಂದಲೇ ಇಂಥದ್ದೊಂದು ಅಂಕಣ ಕನ್ನಡದಲ್ಲಿ ಬರಬೇಕಿತ್ತು ಅನ್ನಿಸುತ್ತೆ.

ಮಿಜ್ ಮೆಂಟರ್ ಹೆಸರಿನಲ್ಲಿ ಎರಡು ಪುಸ್ತಕಗಳಿವೆ. 1997ರದು ಹೆಂಗಸರಿಗೆಂದೇ ಬರೆದದ್ದು, ನಂತರದ್ದು ಗಂಡಸರನ್ನೂ ಸೇರಿಸಿಕೊಂಡದ್ದು. ಒಂದೇ ಕೊಳ್ಳುವುದಾದರೆ ಹಳೆಯದನ್ನೇ ಕೊಳ್ಳಿ.