ಹಿತ್ತಲ ಹೊಂಡದ ಪಾಚಿಗೆ ನಾನು ಮಾಡಿ ನೋಡಿದ ಐದು ಉಪಾಯ

ಗಂಗಾವತಿಯ ನಮ್ಮ ಮನೆ ಹಿತ್ತಲಲ್ಲಿ ಒಂದು ಸಿಮೆಂಟಿನ ಹೊಂಡ ಇದೆ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಎರಡೂವರೆ ಅಡಿ ಆಳ. ಲೆಕ್ಕ ಹಾಕಿದರೆ ಸುಮಾರು 3,400 ಲೀಟರ್ ನೀರು. ಎರಡು ಕುಂಡದಲ್ಲಿ ನೈದಿಲೆ ಇದೆ. ಗೋಲ್ಡ್ ಫಿಶ್, ಗಪ್ಪಿ ಇವೆ. ಮೂರು ಬೇಸಿಗೆ ಈ ಹೊಂಡದ ಪಾಚಿ ಜೊತೆ ಗುದ್ದಾಡಿದ್ದೇನೆ. ನಮ್ಮತ್ತೆ ಅದಕ್ಕೆ ಹಾವಸಿ ಅಂತಾರೆ.

ಮೊದಲು ಯಾವ ಪಾಚಿ ಅಂತ ನೋಡಿಕೊಳ್ಳಬೇಕು. ಬೊಗಸೆಯಲ್ಲಿ ನೀರು ಎತ್ತಿ. ಹಸಿರು ಬೆರಳ ಸಂದಿಯಿಂದ ನೀರಿನ ಜೊತೆಗೇ ಸೋರಿ ಹೋದರೆ ಅದು ನೀರಲ್ಲಿ ತೇಲುವ ಸಣ್ಣ ಪಾಚಿ. ಒದ್ದೆ ಹತ್ತಿ ಥರ ಕೈಗೆ ಸಿಕ್ಕಿಕೊಂಡರೆ ಎಳೆ ಪಾಚಿ. ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ನಾನು ಮೊದಲ ವರ್ಷ ಕಳೆದುಕೊಂಡಿದ್ದು ಇದು ಗೊತ್ತಿಲ್ಲದೆ.

ಅಳೆಯುವುದಕ್ಕೆ ಒಂದು ಬಿಳಿ ಸಾಸರ್ ಇಟ್ಟುಕೊಂಡಿದ್ದೇನೆ. ಅದಕ್ಕೆ ದಾರ ಕಟ್ಟಿ, ಇಂಚಿಗೊಂದು ಗಂಟು ಹಾಕಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ ನೀರಿಗೆ ಬಿಡುತ್ತೇನೆ. ಸಾಸರ್ ಕಣ್ಣಿಗೆ ಮರೆಯಾದಾಗ ಎಷ್ಟು ಗಂಟು ಮುಳುಗಿವೆ ಅಂತ ಎಣಿಸಿ ಬರೆದಿಡುತ್ತೇನೆ. ಕೆಟ್ಟ ದಿನಗಳಲ್ಲಿ ಮೂರೇ ಗಂಟು.

ಮೈಲುತುತ್ತದಿಂದ, ಅಂದರೆ ತಾಮ್ರದ ಸಲ್ಫೇಟಿನಿಂದ, ಶುರು ಮಾಡಿದೆ. ಕುಷ್ಟಗಿ ಕಡೆ ದಾಳಿಂಬೆ ತೋಟ ಇರುವ ಕಾಕಾ ಒಬ್ಬರು, ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದಿದ್ದರಲ್ಲೇ ಸ್ವಲ್ಪ ಕೊಟ್ಟರು. "ಒಂದ್ ಚಮಚಾ ಹಾಕವಾ, ನೀರು ಕನ್ನಡಿ ಆಗ್ತೈತಿ" ಅಂದರು. ಆಗಿದ್ದೂ ನಿಜ. ಮೂರನೇ ದಿನಕ್ಕೆ ಹಸಿರು ಹೋಗಿ ನೀರು ಬೂದು ಬಣ್ಣಕ್ಕೆ ತಿರುಗಿತು. ನಾಲ್ಕನೇ ದಿನ ಬೆಳಗಿನ ಜಾವ ಹೋಗಿ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಅವತ್ತು ಏಳು ಗೋಲ್ಡ್ ಫಿಶ್ ಸತ್ತವು. ಆಮೇಲೆ ಕೂತು ಲೆಕ್ಕ ಹಾಕಿದೆ. ತುಂಬಿದ ಚಮಚ ಹದಿನೈದು ಗ್ರಾಂ ಅಂದರೂ ಲೀಟರಿಗೆ ನಾಲ್ಕು ಮಿಲಿಗ್ರಾಂಗಿಂತ ಜಾಸ್ತಿ. ತಾಮ್ರವೇ ಮೀನಿಗೆ ವಿಷ. ಅದರ ಮೇಲೆ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ಬೇಸಿಗೆಯ ಬಿಸಿ ನೀರಿನಲ್ಲಿ ಮೊದಲೇ ಆಮ್ಲಜನಕ ಕಮ್ಮಿ. ಇಷ್ಟೆಲ್ಲ ಆದ ಮೇಲೂ ಮೂರು ವಾರಕ್ಕೆ ಪಾಚಿ ವಾಪಸ್ ಬಂತು. ತಾಮ್ರ ಮಾತ್ರ ಎಲ್ಲೂ ಹೋಗುವುದಿಲ್ಲ, ತಳದ ಕೆಸರಲ್ಲಿ ಕೂರುತ್ತದೆ. ಮೀನಿರುವ ಹೊಂಡಕ್ಕೆ ಅಂದಾಜಿನ ಮೇಲೆ ಇದನ್ನು ಹಾಕಲೇಬೇಡಿ.

ಎರಡನೇ ಬೇಸಿಗೆ ಹೊಂಡ ಮುಟ್ಟದೆ ಬೇರೆ ಕಡೆ ನೋಡೋಣ ಅಂದುಕೊಂಡೆ. ಎರಡು ನೀಲಿ ಡ್ರಮ್ಮು ಅಡ್ಡ ಕತ್ತರಿಸಿ ನಾಲ್ಕು ತೊಟ್ಟಿ ಮಾಡಿದೆ. ಒಂದೇ ದಿನ, ಒಂದೇ ಕಾಲುವೆ ನೀರು ತುಂಬಿ ಬಿಸಿಲಲ್ಲಿ ಸಾಲಾಗಿ ಇಟ್ಟೆ. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಭತ್ತದ ಹುಲ್ಲು. ಮೂರನೆಯದಕ್ಕೆ ಮೇಲೆ ಶೇಕಡಾ 50ರ ಶೇಡ್ ನೆಟ್. ನಾಲ್ಕನೆಯದರಲ್ಲಿ ಅರ್ಧ ನೀರು ಮುಚ್ಚುವಷ್ಟು ಅಂತರಗಂಗೆ ಅನ್ನುವ ತೇಲುವ ಗಿಡ. ನಾಲ್ಕು ವಾರ ಆದ ಮೇಲೆ ಸಾಸರ್ ಬಿಟ್ಟೆ. ಬರಿ ತೊಟ್ಟಿಯಲ್ಲಿ ಮೂರು ಇಂಚು, ಹುಲ್ಲಿನದರಲ್ಲಿ ಆರು, ಶೇಡ್ ನೆಟ್ ಕೆಳಗೆ ಎಂಟು. ಅಂತರಗಂಗೆ ತೊಟ್ಟಿಯಲ್ಲಿ ಹದಿನೈದು ಇಂಚಿಗೆ ತಳವೇ ಸಿಕ್ಕಿತು, ಸಾಸರ್ ಮೇಲಿನ ಸಣ್ಣ ಬಿರುಕು ಕೂಡ ಕಾಣುತ್ತಿತ್ತು. ನನಗೆ ನಂಬೋಕೆ ಆಗಲಿಲ್ಲ, ಮನೆಯವರನ್ನೂ ಕರೆದು ತೋರಿಸಿದೆ.

ಹುಲ್ಲಿನ ಬಗ್ಗೆ ಒಂದು ಮಾತು. ಇಂಗ್ಲೆಂಡ್ ಕಡೆ ಜವೆಗೋಧಿ ಹುಲ್ಲು ಹಾಕುತ್ತಾರೆ. ಅದು ಗಾಳಿ ಇರುವ ನೀರಿನಲ್ಲಿ ನಿಧಾನಕ್ಕೆ ಕೊಳೆಯುವಾಗ ಹೊಸ ಪಾಚಿ ಬೆಳೆಯದಂತೆ ತಡೆಯುತ್ತದೆ, ಇದ್ದದ್ದನ್ನು ಸಾಯಿಸುವುದಿಲ್ಲ. ನಮ್ಮಲ್ಲಿ ಜವೆ ಎಲ್ಲಿ ಬರಬೇಕು? ಭತ್ತದ ಹುಲ್ಲಿಗೆ ಬರ ಇಲ್ಲ ಅಂತ ಅದನ್ನೇ ಹಾಕಿದೆ. ತೊಟ್ಟಿಯಲ್ಲಿ ಒತ್ತಿ ತುಂಬಿದ್ದು ತಪ್ಪಾಯಿತು. ಎರಡು ವಾರ ಕೆಟ್ಟ ವಾಸನೆ, ನೀರು ಚಹಾ ಬಣ್ಣ. ಆಮೇಲೆ ಹೊಂಡದಲ್ಲಿ ಎರಡು ಹಿಡಿ ಹುಲ್ಲನ್ನು ಸಡಿಲವಾಗಿ ಈರುಳ್ಳಿ ಚೀಲಕ್ಕೆ ತುಂಬಿ, ಪಂಪಿನ ನೀರು ಬೀಳುವ ಜಾಗದಲ್ಲಿ ತೇಲಿಸಿದೆ. ವಾಸನೆ ಬರಲಿಲ್ಲ. ಆದರೂ ಒಂದೂವರೆ ತಿಂಗಳಿಗೆ ಕಂಡ ಫಲ ಸ್ವಲ್ಪವೇ.

ಅದೇ ಬೇಸಿಗೆಯ ಕೊನೆಗೆ ಹೊಂಡಕ್ಕೆ 11 ವ್ಯಾಟಿನ ಯುವಿ (ಅತಿನೇರಳೆ) ಲೈಟ್ ತಂದೆ. ಪಂಪು ತಳ್ಳುವ ನೀರು ಇದರ ಒಳಗೆ ಹಾದು ಬರುತ್ತದೆ. ತೇಲುವ ಪಾಚಿಗೆ ಇದರಷ್ಟು ಬೇಗ ಕೆಲಸ ಮಾಡಿದ್ದು ಇನ್ನೊಂದಿಲ್ಲ. ಐದನೇ ದಿನ ಹದಿನಾಲ್ಕು ಗಂಟು, ಒಂಬತ್ತನೇ ದಿನ ಇಪ್ಪತ್ತನಾಲ್ಕು. ಮೀನಿಗೆ ಏನೂ ತೊಂದರೆ ಇಲ್ಲ. ಲೈಟು, 20 ವ್ಯಾಟಿನ ಪಂಪು ಎರಡೂ ಹಗಲು ರಾತ್ರಿ ಓಡಿದರೆ ತಿಂಗಳಿಗೆ 22 ಯೂನಿಟ್ ಕರೆಂಟ್. ಆದರೆ ನೀರು ತಿಳಿಯಾಗುತ್ತಿದ್ದ ಹಾಗೆ ಬಿಸಿಲು ತಳ ಮುಟ್ಟಿತು. ಗೋಡೆಗೆ, ಕುಂಡಕ್ಕೆ ಅಂಟಿದ್ದ ಎಳೆ ಪಾಚಿ ಮೊದಲಿಗಿಂತ ಜೋರಾಗಿ ಬೆಳೆಯಿತು. ಲೈಟಿನ ಒಳಗೆ ಹಾದು ಹೋಗುವ ಪಾಚಿ ಮಾತ್ರ ಸಾಯುವುದು, ಗೋಡೆಗೆ ಅಂಟಿದ್ದು ಅಲ್ಲಿಗೆ ಹೋಗುವುದೇ ಇಲ್ಲ ಅಲ್ವಾ? ಅದನ್ನು ಕೋಲಿಗೆ ಸುತ್ತಿ ಎಳೆದು ತೆಗೆಯುವುದೇ ದಾರಿ. ಇನ್ನೊಂದು ತೊಂದರೆ ನಮ್ಮ ಬೋರಿನ ಗಡಸು ನೀರು. ಬಿಸಿಲಿಗೆ ಆರಿದಷ್ಟೂ ಬೋರಿನ ನೀರು ಬಿಡುತ್ತೇವೆ. ಎರಡು ತಿಂಗಳಲ್ಲಿ ಲೈಟಿನ ಗಾಜಿನ ಮೇಲೆ ಸುಣ್ಣದ ಪದರ ಕಟ್ಟಿ ಬೆಳಕೇ ಹೊರಗೆ ಬರುತ್ತಿರಲಿಲ್ಲ. ನಿಂಬೆಹಣ್ಣಿನ ರಸ ಹಚ್ಚಿ ಉಜ್ಜಿದೆ. ಬಲ್ಬನ್ನೂ ವರ್ಷಕ್ಕೊಮ್ಮೆ ಬದಲಿಸಬೇಕು. ಉರಿಯುತ್ತಿದ್ದರೂ ಅದರ ಶಕ್ತಿ ಇಳಿದಿರುತ್ತದೆ.

ಹಾಗಾಗಿ ಮೂರನೇ ಬೇಸಿಗೆಗೆ ಅಂತರಗಂಗೆಯನ್ನೇ ಹೊಂಡಕ್ಕೆ ತಂದೆ. ನೋಡೋಕೆ ಸಣ್ಣ ಎಲೆಕೋಸಿನ ಥರ, ಕೆಳಗೆ ಒಂದು ಗೇಣು ಬೇರಿನ ಜಡೆ. ಪಾಚಿ ತಿನ್ನುವ ಸಾರಜನಕ, ರಂಜಕವನ್ನು ಈ ಬೇರು ಮೊದಲೇ ಹೀರಿಕೊಳ್ಳುತ್ತದೆ, ಎಲೆ ನೆರಳು ಕೊಡುತ್ತದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡದ ಹಾಗೆ ಅರ್ಧ ಹೊಂಡಕ್ಕೆ ಶೇಡ್ ನೆಟ್ ಕಟ್ಟಿದೆ. ಎರಡೂ ಸೇರಿ ಯುವಿ ಲೈಟಿಗಿಂತ ನಿಧಾನ, ಐದು ವಾರ ಹಿಡಿಯಿತು. ಆದರೆ ಎಳೆ ಪಾಚಿಯೂ ಇಳಿಯಿತು, ಲೈಟಿಂದ ಆಗದೇ ಇದ್ದದ್ದು ಅದೇ.

ಜೊತೆಗೆ ಪಾಚಿಗೆ ಊಟ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದೆ. ಮೊದಲನೆಯದು ಹೊಂಡ ತುಂಬುವಾಗ ಬಿಟ್ಟ ಕಾಲುವೆ ನೀರು. ಗದ್ದೆಗೆ ಹಾಕಿದ ಗೊಬ್ಬರ ಬಸಿದು ನೀರಿಗೇ ಸೇರುತ್ತದೆ. ತುಂಗಭದ್ರಾ ಜಲಾಶಯದ ನೀರೇ ಕೆಲವು ವರ್ಷ ಹಸಿರಾಗುತ್ತದಲ್ಲ! ಎರಡನೆಯದು ನನ್ನದೇ ನೈದಿಲೆ ಕುಂಡ. ನೆಡುವಾಗ ಮಣ್ಣಿಗೆ ಒಂದು ಹಿಡಿ ಡಿಎಪಿ ಗೊಬ್ಬರ ಬೆರೆಸಿದ್ದೆ. ಚೀಲದ ಮೇಲೆ 18-46 ಅಂತ ಇರುತ್ತದಲ್ಲ, ಆ 46 ರಂಜಕದ ಲೆಕ್ಕ. ಅದು ಸೀದಾ ನೀರಿಗೆ ಸೋರುತ್ತಿತ್ತು. ಮಣ್ಣು ಬದಲಿಸಿ, ಮೇಲೆ ಎರಡು ಇಂಚು ಹೊಳೆ ಮರಳು ಹಾಕಿದೆ. ಮೀನಿನ ಆಹಾರ ದಿನಕ್ಕೆ ಎರಡು ಸಲದಿಂದ ಒಂದಕ್ಕೆ ಇಳಿಸಿದೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ.

ಅಂತರಗಂಗೆಗೂ ಕೆಲಸ ಇದೆ. ಬಿಟ್ಟರೆ ತಿಂಗಳಲ್ಲಿ ಹೊಂಡವೆಲ್ಲ ಮುಚ್ಚುತ್ತದೆ, ಆಗ ಮೀನಿಗೆ ಗಾಳಿ ಸಿಗುವುದಿಲ್ಲ. ಒಂದು ಜಾತಿ ಸೊಳ್ಳೆಯ ಮರಿ ಇದರ ಬೇರಿಗೇ ಕಚ್ಚಿಕೊಂಡು ಉಸಿರಾಡುತ್ತದೆ, ಗಪ್ಪಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಪ್ರತಿ ಭಾನುವಾರ ಅರ್ಧದಷ್ಟು ಎತ್ತಿ, ಬಿಸಿಲಲ್ಲಿ ಎರಡು ದಿನ ಒಣಗಿಸಿ, ತೆಂಗಿನ ಬುಡಕ್ಕೆ ಹಾಕುತ್ತೇನೆ. ಒಂದು ಗಿಡವನ್ನೂ ಕಾಲುವೆಗೆ, ಕೆರೆಗೆ ಎಸೆಯಬೇಡಿ. ಒಂದು ಗಿಡ ಸಾಕು, ಇಡೀ ಕೆರೆ ಮುಚ್ಚೋಕೆ.

ಯುವಿ ಲೈಟ್ ಒರೆಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಯಾವಾಗಲಾದರೂ ನೀರು ದಿಢೀರಂತ ಹಸಿರಾದರೆ ಒಂದು ವಾರ ಹಾಕೋಕೆ. ಈ ಬೇಸಿಗೆ ಇನ್ನೂ ಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಸಾಸರ್ ಇಪ್ಪತ್ತಾರು ಗಂಟಿಗೂ ಕಾಣುತ್ತಿತ್ತು.