ಗೋಬರ್ ಗ್ಯಾಸ್ ಮೇಲೆ ಜೋಳದ ರೊಟ್ಟಿ ಆಗುತ್ತಾ?

ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಹಳ್ಳಿ. ಹಿತ್ತಲಲ್ಲಿ ದೀನಬಂಧು ಮಾದರಿಯ (ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವಂಥದ್ದು) 2 ಘನ ಮೀಟರ್ ಗೋಬರ್ ಗ್ಯಾಸ್ ಕಟ್ಟಿಸಿ ಎರಡು ವರ್ಷವಾಯಿತು. ನೋಡಲು ಬಂದವರೆಲ್ಲ ಕೇಳುವುದು ಒಂದೇ, ರೊಟ್ಟಿ ಆಗುತ್ತಾ? ಆಗುತ್ತದೆ. ಆದರೆ ಮೊದಲ ಎರಡು ತಿಂಗಳು ಆಗಲಿಲ್ಲ.

ಕಟ್ಟಿಕೊಟ್ಟವರು ಸಿಲಿಂಡರ್‌ನ ಹಳೆ ಒಲೆಗೇ ಪೈಪ್ ಸಿಕ್ಕಿಸಿ ಹೋಗಿದ್ದರು. ಉರಿ ದೀಪದಷ್ಟು. ಹಂಚು ಕಾಯುವಷ್ಟರಲ್ಲಿ ಬಡಿದಿಟ್ಟ ರೊಟ್ಟಿಯ ಅಂಚು ಒಣಗಿ ಸೀಳುತ್ತಿತ್ತು. ಅತ್ತೆ ಎರಡು ದಿನ ನೋಡಿದರು, ಸುಮ್ನೆ ತೊಗರಿ ಕಟ್ಟಿಗೆಯ ಒಲೆ ಹಚ್ಚಿಕೊಂಡರು. ಆಮೇಲೆ ಗೊತ್ತಾಯಿತು, ಈ ಗ್ಯಾಸ್‌ನಲ್ಲಿ ಉರಿಯುವ ಮೀಥೇನ್ ನೂರಕ್ಕೆ ಸುಮಾರು 60 ಪಾಲು ಮಾತ್ರ. ಒತ್ತಡವೂ ಕಡಿಮೆ. ಹಾಗಾಗಿ ಬರ್ನರಿಗೆ ಗ್ಯಾಸ್ ಬಿಡುವ ತೂತು ದೊಡ್ಡದಿರಬೇಕು. ಇದಕ್ಕೆಂದೇ ಮಾಡಿದ ಒಲೆ ತಂದ ದಿನ ರೊಟ್ಟಿ ಉಬ್ಬಿತು. ಉರಿ ಕುಣಿಯತೊಡಗಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ, ಆ ನೀರನ್ನು ಹೊರಗೆ ಬಿಡಬೇಕು. ಅದನ್ನೂ ಯಾರೂ ಹೇಳಿರಲಿಲ್ಲ.

ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ನಮ್ಮವು ಎರಡು ಎಮ್ಮೆ, ಒಂದು ಜೋಡಿ ಎತ್ತು. ಲೆಕ್ಕಕ್ಕೆ ಸರಿ, ಆದರೆ ಮೇಯಲು ಬಿಟ್ಟ ದಿನ ಅರ್ಧ ಸಗಣಿ ಹೊಲದಲ್ಲೇ. ಬೇಸಿಗೆಯಲ್ಲಿ ಗ್ಯಾಸ್ ಜಾಸ್ತಿ, ನೀರಿಲ್ಲ. ಚಳಿಯಲ್ಲಿ ನೀರಿದೆ, ಗ್ಯಾಸಿಲ್ಲ. ಹೋದ ವರ್ಷ ಎಳ್ಳಮಾವಾಸ್ಯೆಗೆ ಇಪ್ಪತ್ತು ಜನಕ್ಕೆ ಭಜ್ಜಿ, ಕಡುಬು, ಸಜ್ಜೆ ರೊಟ್ಟಿ. ಒಂಬತ್ತನೇ ರೊಟ್ಟಿಗೆ ಉರಿ ಆರಿತು. ನಾವು ಕುಳ್ಳು ತಟ್ಟುವುದನ್ನೇ ಬಿಟ್ಟಿದ್ದೆವಲ್ಲ, ಕಾಕು (ಚಿಕ್ಕಮ್ಮ) ಮನೆಗೆ ಓಡಿ ಒಂದು ಬುಟ್ಟಿ ಕುಳ್ಳು ತಂದೆ. ಎಂಥ ನಾಚಿಕೆ!

ಅಡುಗೆಮನೆಯ ಕಸವನ್ನೂ ಹಾಕಬಹುದು, ಆದರೆ ಸ್ವಲ್ಪ ಸ್ವಲ್ಪ. ಜಾತ್ರೆಯಲ್ಲಿ ಉಳಿದ ಅನ್ನ, ಸಾರು ಎರಡು ಬಕೆಟ್ ಒಮ್ಮೆಗೇ ಸುರಿದೆ. ಒಳಗೆ ಹುಳಿ ಹೆಚ್ಚಾಗಿ ವಾರಗಟ್ಟಲೆ ಒಲೆ ಹತ್ತಲಿಲ್ಲ.

ಮಗನಿಗೆ ಇದರಲ್ಲಿ ಗಾಡಿ ಓಡಿಸುವ ಆಸೆ. ಅದಕ್ಕೆ ಇಂಗಾಲದ ಡೈ ಆಕ್ಸೈಡ್, ಗಂಧಕದ ಗ್ಯಾಸ್ ಎಲ್ಲ ತೆಗೆದು, ಭಾರಿ ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು. ಕೇಂದ್ರ ಸರ್ಕಾರ 2018ರಲ್ಲಿ ತಂದ 'ಸತತ್' ಯೋಜನೆ ಅಂಥ ದೊಡ್ಡ ಘಟಕಗಳಿಗೆ. ನಮ್ಮ ಹಿತ್ತಲಿನ ಕೆಲಸವಲ್ಲ.

ಲಾಭವೂ ಇದೆ. ತಿಂಗಳೊಪ್ಪತ್ತಿಗೆ ಮುಗಿಯುತ್ತಿದ್ದ ಸಿಲಿಂಡರ್ ಈಗ ನಾಲ್ಕು ತಿಂಗಳು ಬರುತ್ತದೆ. ಹೊರಬರುವ ರಾಡಿ ತೊಗರಿ ಹೊಲಕ್ಕೆ, ಹಸಿ ಸಗಣಿಯಷ್ಟು ವಾಸನೆಯಿಲ್ಲ. ನಾಲ್ಕು ದನ ಕೊಟ್ಟಿಗೆಯಲ್ಲಿಲ್ಲದವರು ಮಾತ್ರ ಕಟ್ಟಿಸಬೇಡಿ.

ಅಂಕ ಕೊಡುವುದಾದರೆ ನನ್ನದು ಐದಕ್ಕೆ ಮೂರೂವರೆ. ಅತ್ತೆ ಎರಡೂವರೆ ಕೊಟ್ಟರು. ಬದನೆಕಾಯಿ ಸುಟ್ಟರೆ ಕುಳ್ಳಿನ ಕೆಂಡದ ರುಚಿ ಬರಲ್ಲವಂತೆ.